ವೀಬೆ ಬಿಡದ ಕಂಬ

ಯಾರಾದರೂ ತನಗೆ ಅಪ್ಪನ ಬಗ್ಗೆ ಎರಡು ಮಾತಾಡು ಅಂದುಬಿಟ್ಟರೆ? ಎರವಲು ತಂದ ಮಡಚುವ ಕುರ್ಚಿ ಹೊತ್ತು ಗಾಳಿಗೆ ಎದುರಾಗಿ ನಡೆಯುತ್ತಿದ್ದ ನಿಂಕೆಗೆ ಅಪ್ಪ ಸತ್ತದ್ದಕ್ಕಿಂತ ಇದೇ ದೊಡ್ಡ ಚಿಂತೆಯಾಗಿತ್ತು. ಹಾಗಾಗಿದ್ದಕ್ಕೆ ತನ್ನ ಮೇಲೇ ಹೇಸಿಗೆ. ಕುರ್ಚಿಯ ಬಟ್ಟೆ ಹಾಯಿಯಂತೆ ಉಬ್ಬಿ ಅವಳನ್ನು ಹಿಂದಕ್ಕೆ ಜಗ್ಗಿತು.

ಸ್ಪೇನಿನ ಎಬ್ರೊ ನದಿ ಸಮುದ್ರ ಸೇರುವಲ್ಲಿನ ಆ ಕ್ಯಾಂಪಿನಲ್ಲಿ ಚಳಿಗಾಲಕ್ಕೆ ಉಳಿಯುವವರೆಲ್ಲ ಹೆಚ್ಚುಕಡಿಮೆ ಹಾಲೆಂಡಿನವರೇ. ಕಾರಿನ ಹಿಂದೆ ಕಟ್ಟಿ ಎಳೆತಂದ ಗಾಲಿಮನೆ, ಕ್ಯಾರವಾನೇ ಅವರ ಬಿಡಾರ. ಒಬ್ಬರ ಕ್ಯಾರವಾನಿಗೆ ಇನ್ನೊಬ್ಬರು ಹೋಗುವಾಗ ಕುರ್ಚಿ, ಲೋಟ ತಾವೇ ಒಯ್ಯುತ್ತಾರೆ. ನಿಂಕೆಯ ಅಪ್ಪ ವೀಬೆಯನ್ನು ಸುಟ್ಟು ಬಂದ ಮೇಲೂ ಅವನ ಕ್ಯಾರವಾನಿಗೆ ಹಾಗೇ ಬಂದರು: ಕರಿ ಕೋಟು, ಕಂಕುಳಲ್ಲಿ ಕುರ್ಚಿ, ಬೆರಳಿಗೆ ಸಿಕ್ಕಿಸಿದ ಲೋಟ. ಗಾಳಿಗೆ ಮರೆಯಾದ ಬದಿಯಲ್ಲಿ ಕೂತರು. ಬೂದಿಯ ಪಾತ್ರೆ ಒಳಗೆ ಟೇಬಲ್ಲಿನ ಮೇಲಿತ್ತು. ದಾರಿಯಲ್ಲಿ ತಟ್ಟೆಗಳು ಜಾರದಿರಲೆಂದು ಹಾಸುವ ರಬ್ಬರನ್ನೇ ಅಮ್ಮ ಹಿಲ್ಕೆ ಅದರಡಿಗೆ ಹಾಸಿದ್ದಳು.

"ಬಿಸ್ಕತ್ತು ಎರಡೆರಡು ತಗೊಳ್ಳಿ," ಅಂದಳು ಪಕ್ಕದ ಕ್ಯಾರವಾನಿನ ಕೊರಿ. "ಒಂದಾದ್ಮೇಲೆ ಡಬ್ಬಿ ಮುಚ್ಚೋಕೆ ಇವತ್ತು ವೀಬೆ ಇಲ್ಲ."

ಅವಳ ಗಂಡ ಬೌಕೆ ನಕ್ಕ. ನಗು ಕೆಮ್ಮಾಯಿತು. "ಜಿಪುಣ ಮುಂಡೇದು. ನಾನು ಕೂಗ್ದೆ, ಬಿಡೋ ಆ ಕಂಬನ, ಹಾರಿದ್ರೆ ಹಾರ್ಲಿ ಅಂತ. ಬಿಡ್ಲೇ ಇಲ್ಲ."

ಗಾಳಿ ಏಳುವ ಹಿಂದಿನ ಸಂಜೆಯೇ ಎಲ್ಲರೂ ಬಾಗಿಲ ಮುಂದಿನ ಗುಡಾರ ಬಿಚ್ಚಿ ಸುತ್ತಿಟ್ಟಿದ್ದರು. ವೀಬೆ ಬಿಚ್ಚಲಿಲ್ಲ. ಬೆಳಿಗ್ಗೆ ಹಿಲ್ಕೆ ಕಾಫಿಗೆ ಕೂರುತ್ತಿದ್ದುದು ಅಲ್ಲೇ. ಮುಂಜಾನೆ ಹಾರಿಹೋಗುತ್ತಿದ್ದ ಗುಡಾರದ ಕಂಬ ಅಪ್ಪಿಕೊಂಡು ನಿಂತವನು ಅದರ ಜೊತೆಗೇ ಬಿದ್ದ. ಹೃದಯ, ಅಂದರು ಡಾಕ್ಟರು.

"ಇಷ್ಟಪಟ್ಟ ಕಡೇನೇ ಹೋದ. ಎಷ್ಟು ಜನಕ್ಕುಂಟು ಆ ಭಾಗ್ಯ?" ಅಂದಳು ಕೊರಿ.

"ಅದಕ್ಕೇ ನಾನು ಊರಿಗೆ ವಾಪಸ್ ಹೋಗಲ್ಲ," ಅಂದಳು ಹಿಲ್ಕೆ. "ನಾಳೆ ಇನ್ನೂ ದಕ್ಷಿಣಕ್ಕೆ, ಆಲ್ಮೆರಿಯಾಕ್ಕೆ ಹೊರಡ್ತೀನಿ. ಬರೋ ಭಾನುವಾರದಿಂದ ವೀಬೆ ಅಲ್ಲಿ ಜಾಗ ಹಿಡಿದಿಟ್ಟಿದ್ದ. ಬೂದೀನ ಅಲ್ಲೇ ಸಮುದ್ರಕ್ಕೆ ಬಿಡ್ತೀನಿ."

"ಕ್ಯಾರವಾನ್ ಯಾರು ಎಳೀತಾರೆ?" ಕೇಳಿದ ಬೌಕೆ.

"ನಾನೇ."

"ತಲೆ ಕೆಟ್ಟಿದ್ಯಾ ಹಿಲ್ಕೆ? ನೀನು ಯಾವತ್ತು ಎಳ್ದಿದೀಯ? ನಿನ್ನೆ ಹೆದ್ದಾರೀಲಿ ಲಾರೀನೇ ಮಗುಚಿದೆ. ಗಾಳಿ ನಿಲ್ಲೋತನಕ ನಾವೇ ಅಲ್ಲಾಡಲ್ಲ."

"ನೀವು ಇರಿ. ನಾನು ಹೋಗ್ತೀನಿ."

ಬೌಕೆ ನಿಂಕೆಯ ಮುಖ ನೋಡಿದ. ನಿಂಕೆ ತನ್ನ ಲೋಟದೊಳಗೆ ನೋಡಿದಳು.

*

ಹೋದ ಸೆಪ್ಟೆಂಬರಿನಲ್ಲಿ, ಊರಿನ ಮನೆಯಂಗಳದಲ್ಲಿ, ಅಪ್ಪ ಏಣಿ ಹತ್ತಿ ಕ್ಯಾರವಾನಿನ ಛಾವಣಿ ಉಜ್ಜುತ್ತಿದ್ದ. ನಿಂಕೆ ಏಣಿ ಹಿಡಿದಿದ್ದಳು.

"ಈ ಸಲ ಎಲ್ಲೀತನಕ ಅಪ್ಪಾ?"

"ನಿಮ್ಮಮ್ಮ ಸಾಕು ಅನ್ನೋತನಕ." ಸ್ಪಂಜು ಹಿಂಡಿದ. "ನನಗೆ ನಮ್ಮನೆ ಅಡುಗೆಮನೆ ಕಿಟಕಿ ಸಾಕು ಕಣೇ. ಕಾಲುವೇಲಿ ದೋಣಿ ಹೋಗೋದು ನೋಡ್ಕೊಂಡು ಕೂತಿರ್ತೀನಿ. ಇದರೊಳಗೆ ಮಗ್ಗುಲಾದ್ರೆ ಮೂಗಿಗೆ ಗೋಡೆ."

"ಅಮ್ಮಂಗೆ ಹೇಳು ಮತ್ತೆ."

"ಹುಚ್ಚಿ. ಅವಳಿಗಿರೋದು ಇದೊಂದೇ ಖುಷಿ. ನೀನೂ ಬಾಯಿಬಿಡ್ಬೇಡ." ಮೇಲಿನಿಂದ ಅವಳ ತಲೆಗೆ ನೀರು ಚಿಮುಕಿಸಿದ. "ನಿನಗೆ ಬಾಯಿದೆ ಅಂತ ಯಾರಿಗೆ ಗೊತ್ತು ಬಿಡು!"

*

ಎಲ್ಲರೂ ಕುರ್ಚಿ ಮಡಚಿಕೊಂಡು ಹೋದರು. ನಿಂಕೆಗೆ ಯಾರೂ ಮಾತಾಡು ಅನ್ನಲಿಲ್ಲ. ಒಳಗೆ ಹಿಲ್ಕೆ ಕೋಟು ತೆಗೆಯದೆಯೇ ಲೋಟ ತೊಳೆಯುತ್ತಿದ್ದಳು. ಗಾಳಿ ಬಡಿದಾಗಲೆಲ್ಲ ಕ್ಯಾರವಾನು ಓಲಾಡಿ ತೊಟ್ಟಿಯ ನೀರು ತುಳುಕುತ್ತಿತ್ತು.

"ಅಮ್ಮ, ಈ ಕ್ಯಾರವಾನ್ ಇಲ್ಲೇ ಬಿಟ್ಟು ವಿಮಾನದಲ್ಲಿ ಊರಿಗೆ ಹೋಗೋಣ."

"ನಿನಗೆ ಅರ್ಥ ಆಗಲ್ಲ." ಹಿಲ್ಕೆ ಕೈ ಒರೆಸಿಕೊಂಡಳು. ಬೆರಳುಗಳು ಚಳಿಗೆ ನೀಲಿಯಾಗಿದ್ದವು. "ಒಂದು ಹೇಳ್ತೀನಿ, ಆ ಕೊರಿ ಕಿವಿಗೆ ಬೀಳಬಾರ್ದು. ಇದು ನನಗೆ ಒಂದು ದಿನಾನೂ ಸೇರಿಲ್ಲ ಕಣೇ. ಈ ಚಳಿ, ಆ ಡಬ್ಬಿ ಕಕ್ಕಸು, ಒಂದೇ ಜನದ ಒಂದೇ ಮಾತು."

"ಮತ್ತ್ಯಾಕೆ?"

"ಅವನಿಗೆ ಬೇಕಿತ್ತಲ್ಲ. ವರ್ಷ ವರ್ಷ ಮಗೂನ ತೊಳ್ದಂಗೆ ಇದನ್ನ ತೊಳೆಯೋನು. ಇಷ್ಟು ವರ್ಷ ತಡ್ಕೊಂಡಿದೀನಿ, ಇನ್ನೊಂದು ಸಲ ಆಗಲ್ವ? ಆ ಕಂಬ ಹಿಡ್ಕೊಂಡೇ ಸತ್ತನಲ್ಲೇ. ಅಷ್ಟು ಪ್ರೀತಿ ಅದರ ಮೇಲೆ."

ಅವಳು ಕಾರಿನ ಬೀಗದ ಕೈ ತೆಗೆದುಕೊಂಡು, ಈಗಲೇ ಕ್ಯಾರವಾನನ್ನು ಕಾರಿಗೆ ಕೊಂಡಿ ಹಾಕಿಟ್ಟರೆ ಬೆಳಕು ಹರಿಯುತ್ತಲೇ ಹೊರಡಬಹುದೆಂದು ಬಾಗಿಲಿಗೆ ಕೈಹಾಕಿದಳು. ಬಾಗಿಲು ಗಾಳಿಯ ಒತ್ತಡಕ್ಕೆ ತೆರೆಯಲಿಲ್ಲ. ಭುಜ ಕೊಟ್ಟು ನೂಕಿದಳು.

ಹೇಳಿದರೆ ಅಪ್ಪ ಯಾತಕ್ಕೂ ಅಲ್ಲದೆ ಸತ್ತಂತಾಗುತ್ತದೆ. ಹೇಳದಿದ್ದರೆ ನಾಳೆ ಅಮ್ಮ ಆ ರಸ್ತೆಯ ಮೇಲಿರುತ್ತಾಳೆ. ನಿಂಕೆ ಎದ್ದು, ಅಮ್ಮನ ಕೋಟಿನ ತೋಳು ಹಿಡಿದಳು.

"ಅಮ್ಮ, ಅಪ್ಪಂಗೂ ಸೇರ್ತಿರ್ಲಿಲ್ಲ."