ಸೋಮಪ್ಪನ ಎಡಗೈ

ಬಾಗಳಿಯ ಸೋಮಪ್ಪ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಸ್ಟೇರಿಂಗ್ ತಿರುಗಿಸಿದರೆ ಲಾರಿ ತಿರುಗುತ್ತಿರಲಿಲ್ಲ. ರಸ್ತೆಯೇ ಬಾಗಿ ಬಂದು ಚಕ್ರದ ಕೆಳಗೆ ಮಲಗುತ್ತಿತ್ತು. ಕೂಡ್ಲಿಗಿಯಿಂದ ಕೊಟ್ಟೂರಿನವರೆಗೆ ಇರುವ ಅಷ್ಟೂ ತಿರುವುಗಳು ಅವನ ತೋಳಿನ ಕೆಲಸ. ಅವನು ಹುಟ್ಟುವ ಮೊದಲು ಆ ದಾರಿ ನೂಲು ಹಿಡಿದಂತೆ ನೆಟ್ಟಗಿತ್ತು. ನಂಬದವರು ಕಲ್ಲೇಶ್ವರನ ಗುಡಿಯ ಕಂಬಗಳನ್ನು ಕೇಳಬಹುದು. ಅವು ಇಲ್ಲ ಅಂದದ್ದನ್ನು ಈವರೆಗೆ ಯಾರೂ ಕೇಳಿಲ್ಲ.

ಅಂಥ ತೋಳಿಗೆ ಹೋದ ವರ್ಷ ಲಕ್ವ ಹೊಡೆಯಿತು. ಎಡಗೈ ಮೂರು ತಿಂಗಳು ಬೇರೆಯವರ ಮನೆಯ ಕೈಯಂತೆ ಮಗ್ಗುಲಲ್ಲಿ ಬಿದ್ದುಕೊಂಡಿತ್ತು. ಹೆಂಡತಿ ಮಾಳಮ್ಮ ಎಣ್ಣೆ ತಿಕ್ಕಿ ತಿಕ್ಕಿ ಒಂದೊಂದೇ ಬೆರಳನ್ನು ನಿದ್ದೆಯಿಂದ ಎಬ್ಬಿಸಿದಳು. ಇನ್ನು ಗಾಡಿ ಓಡಿಸಬಹುದು ಎಂದು ಡಾಕ್ಟರೂ ಹೇಳಿದರು. ಕೈ ಎದ್ದಿತ್ತು, ಕೈಯ ಮೇಲಿನ ನಂಬಿಕೆ ಎದ್ದಿರಲಿಲ್ಲ. ಹೈಸ್ಕೂಲಿನಲ್ಲಿ ಟೀಚರಾಗಿದ್ದ ಮಗಳು ಕೋಮಲಾ ತಂದು ನಿಲ್ಲಿಸಿದ್ದ ಕಾರನ್ನು ಅವನು ದಿನಾ ಒರೆಸುತ್ತಿದ್ದ, ಏರುತ್ತಿರಲಿಲ್ಲ.

ಅಮಾವಾಸ್ಯೆಯ ಭಾನುವಾರ ಬೆಳಿಗ್ಗೆ ಅವನು ಮನಸ್ಸಿನಲ್ಲೇ ಆಣೆ ಹಾಕಿಕೊಂಡ. ಇವತ್ತು ಹರಪನಹಳ್ಳಿಗೆ ತಾನೇ ಓಡಿಸುವುದು. ಎಡಗೈ ಮಾತು ಕೇಳದಿದ್ದರೆ ಕೀಲಿ ಮಗಳಿಗೆ ಕೊಟ್ಟು, ಈ ಜನ್ಮದಲ್ಲಿ ಮತ್ತೆ ಸ್ಟೇರಿಂಗ್ ಮುಟ್ಟುವುದಿಲ್ಲ.

ಹೊರಡುವ ಮೊದಲು ಗಾಡಿ ಪೂಜೆ. ಲಾರಿಯವರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಅದರ ಮೇಲೆ ಗಾಡಿ ಹತ್ತಿಸಿ ಇಳಿಸುತ್ತಾರೆ. ಸೋಮಪ್ಪನ ಪದ್ಧತಿಯೇ ಬೇರೆ. ಹಣ್ಣು ಒಡೆದರೆ ಸಾಲದು, ಅರೆಯಬೇಕು. ಇಂಜಿನ್ ಚಾಲೂ ಮಾಡಿ, ನಿಂತಲ್ಲೇ ಸ್ಟೇರಿಂಗನ್ನು ಎಡಕ್ಕೆ ಕೊನೆಯತನಕ ಎಳೆದು ಅಲ್ಲೇ ಅದುಮಿ ಹಿಡಿದ, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ. ನೊಣ ಕೂತರೂ ತಿರುಗೀತು, ಅಷ್ಟು ಹಗುರ. ಅರ್ಧ ತಾಸು ಅರೆದ.

"ಆ ಹಣ್ಣಿನ ಮ್ಯಾಲ ಏನು ಸೇಡೈತ್ರಿ ನಿಮ್ಗ? ಚಟ್ನಿ ಆತು, ಸಾಕು ಮಾಡ್ರಿ," ಎಂದಳು ಮಾಳಮ್ಮ.

"ನಿನಗೇನು ಗೊತ್ತೈತಿ? ಲಾರಿಗೂ ಹಿಂಗ ಮಾಡ್ತಿದ್ದೆ. ಮೂವತ್ತು ವರ್ಷದಾಗ ಒಂದು ಗೀರು ಬಿದ್ದಿಲ್ಲ."

ಕೋಮಲಾ ಪಕ್ಕದಲ್ಲಿ ಕೂತಳು. ಊರು ದಾಟಿದರೆ ರಸ್ತೆಯ ಅರ್ಧ ಮೆಕ್ಕೆಜೋಳ. ಒಣಗಲು ಹರಡಿದ ಕಾಳು ಮೂರು ಲೋಕಕ್ಕೆ ಸಾಲುವಷ್ಟಿತ್ತು. ಅದರ ಹೊಳಪಿಗೆ ಸೂರ್ಯನೇ ನಾಚಿ ಮಂಜಿನ ಹಿಂದೆ ಸರಿದಿದ್ದ. ಬಂಗಾರದ ಹೊಳೆಯೊಂದು ಪಕ್ಕದಲ್ಲೇ ಹರಿಯುತ್ತ ಬಂದಂತೆ, ತಾನು ಅದರ ದಡ ಹಿಡಿದು ತೇಲುತ್ತಿರುವಂತೆ ಸೋಮಪ್ಪನಿಗೆ ಅನ್ನಿಸಿತು.

ಮೊದಲ ತಿರುವು ಬಂತು. ಸ್ಟೇರಿಂಗ್ ತಿರುಗಲಿಲ್ಲ.

ತಿರುಗಲಿಲ್ಲ ಎಂದರೆ, ಬಾವಿಯಿಂದ ಆನೆಯನ್ನು ಸೇದಿದಷ್ಟು ಭಾರ. ಅಂಗಳದಲ್ಲಿ ಹೂವಿನಂತಿದ್ದುದು ಈಗ ಬೀಸುವ ಕಲ್ಲು. ಸೋಮಪ್ಪ ಗಾಡಿಯನ್ನಲ್ಲ, ತನ್ನ ಎಡಗೈಯನ್ನು ನೋಡಿದ. ಮತ್ತೆ ಮಲಗಿತೇ ಇದು? ಹಲ್ಲು ಕಚ್ಚಿ ಎಳೆದ. ಕಾರು ಜೋಳದ ಅಂಚನ್ನು ಒಂದು ಕಾಳೂ ಮುಟ್ಟದೆ ಸವರಿಕೊಂಡು ಹೋಯಿತು. ಮುಂದೆ ಇನ್ನೊಂದು ತಿರುವು, ಎಮ್ಮೆಗಳ ಹಿಂಡು, ಟ್ರ್ಯಾಕ್ಟರು. ಪ್ರತಿ ಸಲವೂ ಗಾಡಿ ನಿಧಾನ ಮಾಡಿ ಎಳೆದ. ಮಂಜಿನಲ್ಲಿ ದಾರಿ ಮುಗಿಯುವ ಹಾಗೆಯೇ ಕಾಣಲಿಲ್ಲ. ಬೆವರು ಎಷ್ಟು ಹರಿಯಿತೆಂದರೆ ಅದರಲ್ಲಿ ಎರಡು ಎಕರೆ ಭತ್ತ ನಾಟಬಹುದಿತ್ತು.

"ಅಪ್ಪಾ, ಆರಾಮಿಲ್ಲೇನು? ನಿಲ್ಲಸು, ನಾ ಓಡಸ್ತೀನಿ."

"ಸೆಖಿ ಯವ್ವಾ, ಸೆಖಿ."

ಚಳಿಗೆ ಕೋಮಲಾ ಶಾಲು ಹೊದ್ದಿದ್ದಳು.

ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದೆ ಹುಲುಗೇಶನ ಗ್ಯಾರೇಜು. ಟೈರಿಗೆ ಗಾಳಿ ಹಾಕಿಸುವ ನೆಪದಲ್ಲಿ ಸೋಮಪ್ಪ ಅಲ್ಲಿ ನಿಲ್ಲಿಸಿದ. ಇಳಿದ. ಕೀಲಿಯನ್ನು ಮಗಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ಇನ್ಮ್ಯಾಲ ನೀನಾ ಓಡಸವ್ವ. ನನ್ನ ಕೈ ಮುಗೀತು. ಸ್ಟೇರಿಂಗ್ ಎಳಿಯಾಕ ಆಗವಲ್ದು."

ಅದನ್ನು ಕೇಳಿಸಿಕೊಂಡ ಹುಲುಗೇಶ್ ಕೋಮಲಾಳ ಕೈಯಿಂದ ಕೀಲಿ ಇಸಿದುಕೊಂಡು ಒಳಗೆ ಕೂತು, ಗಾಡಿ ಚಾಲೂ ಮಾಡಿ, ಸ್ಟೇರಿಂಗನ್ನು ಎರಡೂ ಕೈಯಿಂದ ಎಳೆದ. ಅವನ ಮುಖ ಸೊಟ್ಟಗಾಯಿತು.

"ಎಪ್ಪಾ! ಇದನ್ನ ಬಾಗಳಿಯಿಂದ ಎಳಕೊಂಡು ಬಂದೀರಾ ಸೋಮಣ್ಣ?"

"ಆಯಿಲ್ ಕಡಿಮಿ ಆಗೈತೇನು ನೋಡು."

"ಇದರಾಗ ಆಯಿಲ್ಲೇ ಇಲ್ರಿ. ಕರೆಂಟಿನ ಸ್ಟೇರಿಂಗ್ ಇದು." ಹುಲುಗೇಶ್ ಸ್ಟೇರಿಂಗಿನ ಕೆಳಗೆ ಕೈ ಹಾಕಿ ತಟ್ಟನೆ ಹಿಂದಕ್ಕೆಳೆದ. "ಇಲ್ಲೊಂದು ಮೋಟರ್ ಐತಿ. ನೀವು ಎಷ್ಟು ಒತ್ತಿ ತಿರುಗಸ್ತೀರಿ ಅನ್ನೋದನ್ನ ಸೆನ್ಸರ್ ನೋಡಿ ಅದಕ್ಕ ಹೇಳ್ತೈತಿ. ಆಗ ಅದು ನಿಮ್ಮ ಕೈಗಿ ಕೈ ಜೋಡಸ್ತೈತಿ. ಈಗ ನೋಡ್ರಿ, ಒಲಿ ಮ್ಯಾಲಿನ ಹಂಚು ಆಗೈತಿ. ಬೆಳಿಗ್ಗಿ ಏನು ಮಾಡಿದ್ರಿ?"

"ಅರ್ಧ ತಾಸು ನಿಂಬಿಹಣ್ಣು ಅರದ," ಎಂದಳು ಕೋಮಲಾ. "ನಿಂತಲ್ಲೇ. ಕೊನಿತನಕ ಎಳದು ಹಿಡಕೊಂಡು."

"ಅದಾ ಮತ್ತ! ಕೊನಿಗಿ ಎಳದು ಹಿಡದ್ರ ಮೋಟರ್ ಕಾದು ಕೆಂಡ ಆಕ್ಕತಿ. ಸುಟ್ಟು ಹೋಗಬಾರದು ಅಂತ ಅದು ಕೆಲಸ ಬಿಟ್ಟು ಕೂತೈತಿ. ಹಣ್ಣು ತುಳಿಸ್ರಿ, ಅರೀಬ್ಯಾಡ್ರಿ. ತಿರುಗಸೂವಾಗ ಚಕ್ರ ಒಂದೀಟು ಉರುಳ್ತಿರಲಿ." ಬಾನೆಟ್ ಎತ್ತಿ ಬ್ಯಾಟರಿಯ ತಂತಿಗಳನ್ನು ಅಲುಗಿಸಿ ನೋಡಿದ. "ಬ್ಯಾಟರಿ ಇಳಿದ್ರೂ ಹಿಂಗ ಆಕ್ಕತಿ. ನಿಮ್ದು ಚಲೋ ಐತಿ. ಆರಲಿ, ಚಾ ಕುಡದು ಬರ್ರಿ."

ಸೋಮಪ್ಪ ಕದಲಲಿಲ್ಲ.

"ಅಂದ್ರ ಅಷ್ಟು ದೂರ ಎಳದಾವ್ರು ಯಾರು?"

"ಮತ್ಯಾರು? ನೀವಾ."

ಸೋಮಪ್ಪ ಎಡಗೈಯನ್ನು ಮುಖದ ಹತ್ತಿರ ತಂದು ಮುಂದೆ ಹಿಂದೆ ತಿರುಗಿಸಿದ. ಜಾತ್ರೆಯಲ್ಲಿ ಕಳೆದುಹೋಗಿದ್ದ ಮಗು ಸಿಕ್ಕರೂ ಯಾರೂ ಹಾಗೆ ನೋಡಿರಲಾರರು.

ಚಹಾ ಕುಡಿದು ಬರುವಷ್ಟರಲ್ಲಿ ಸ್ಟೇರಿಂಗ್ ಮತ್ತೆ ಹೂವಾಗಿತ್ತು. ಹುಲುಗೇಶ್ ಕೀಲಿಯನ್ನು ಕೋಮಲಾಗೆ ಕೊಟ್ಟ. ಅವಳು ಅದನ್ನು ಅಪ್ಪನ ಎಡಗೈಯಲ್ಲಿಟ್ಟಳು.

ಸರ್ಕಲ್ಲಿನಲ್ಲಿ ಕಾರು ಬಾಗಳಿಯ ಕಡೆ ಹೊರಳಲಿಲ್ಲ. ಹಡಗಲಿ ರಸ್ತೆ ಹಿಡಿಯಿತು.

"ಅಪ್ಪಾ, ಮನಿ ಆ ಕಡೆ."

"ಗೊತ್ತೈತಿ. ಇಟ್ಟಿಗಿ ಊರತನಕ ಹೋಗಿ ಬರಾನ ತಗಾ. ನಿಮ್ಮವ್ವಗ ಫೋನ್ ಹಚ್ಚು, ಊಟಕ್ಕ ತಡ ಆಕ್ಕತಿ ಅಂತ."

ಮಂಜು ಕರಗಿತ್ತು. ಮುಂದೆ ರಸ್ತೆ ಎಲ್ಲಿಯೂ ತಿರುವಿಲ್ಲದೆ ಆಕಾಶದೊಳಕ್ಕೆ ಹೋಗಿತ್ತು. ಸೋಮಪ್ಪ ಬಲಗೈಯನ್ನು ತೊಡೆಯ ಮೇಲೆ ಇಳಿಸಿ, ಒಂದು ಗಳಿಗೆ ಎಡಗೈಯೊಂದರಲ್ಲೇ ಹಿಡಿದ.