ಮೋಡದ ದಿನದ ವ್ಯಾಪಾರ

ಮದುವೆಯ ಗೌನುಗಳ ಆ ಅಂಗಡಿಯನ್ನು ಅತ್ತಿಗೆ, ನಾದಿನಿ ಇಬ್ಬರೇ ನಡೆಸುತ್ತಿದ್ದರು. ಅತ್ತಿಗೆಯದು ಅರಳು ಹುರಿದಂಥ ಮಾತು. ನಾದಿನಿ ಮಾತಿನಲ್ಲಿ ಹಿಂದೆ. ಇಸ್ತ್ರಿ ಹಾಕುವುದು, ಬಂದವರ ವಿವರ ಬರೆದಿಡುವುದು ಅವಳ ಪಾಲಿನ ಕೆಲಸ. ಹಿಂದಿನ ಕೋಣೆಯಲ್ಲಿ ಹೊಲಿಗೆಯ ಹೆಂಗಸೊಬ್ಬಳಿದ್ದಳು. ಸದಾ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಎಲ್ಲರಿಗೂ ಅವಳು ಸೂಜಿಯಕ್ಕ.

ವ್ಯಾಪಾರಕ್ಕೆ ಮಾತ್ರ ಒಂದು ಹದವಿರಲಿಲ್ಲ. ಒಂದು ವಾರ ಆರು ಗೌನು ಹೋದರೆ ಮುಂದಿನ ಎರಡು ವಾರ ಒಂದೂ ಕದಲುತ್ತಿರಲಿಲ್ಲ. ಜನ ಬರುತ್ತಿದ್ದರು, ಹಾಕಿ ನೋಡುತ್ತಿದ್ದರು, ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಹೋದವರು ಹೋದವರೇ. ಅತ್ತಿಗೆ ಗೊಂಬೆಗಳ ಉಡುಪು ಬದಲಿಸಿದಳು, ಕನ್ನಡಿಯನ್ನು ಎದುರು ಗೋಡೆಗೆ ಸರಿಸಿದಳು, ಬೆಲೆಯನ್ನೂ ಇಳಿಸಿದಳು. ಏನು ಮಾಡಿದರೂ ಅಷ್ಟಕ್ಕಷ್ಟೆ.

ಕೊನೆಗೆ ನಾದಿನಿ ಮೂರು ತಿಂಗಳ ಪುಸ್ತಕ ಬಿಡಿಸಿ ಕೂತಳು. ಪ್ರತಿ ಪುಟದ ತಲೆಯಲ್ಲಿ ಬಿಸಿಲು, ಮೋಡ, ಮಳೆ ಎಂದು ಬರೆಯುವುದು ಶಾಲೆಯ ದಿನಗಳಿಂದ ಬಂದ ಅಭ್ಯಾಸ. ಪುಟ ತಿರುವುತ್ತ ತಿರುವುತ್ತ ಅವಳ ಹುಬ್ಬು ಮೇಲೇರಿತು.

“ಅತ್ತಿಗೆ, ಮೋಡ ಇದ್ದ ದಿನಾನೇ ನಮ್ಮ ಗೌನು ಹೋಗಿರೋದು.”

“ಹಾಗಾದ್ರೆ ಮೋಡಕ್ಕೇ ಸಂಬಳ ಕೊಟ್ಟು ಇಟ್ಕೊಳ್ಳೋಣ ಬಿಡು,” ಎಂದಳು ಅತ್ತಿಗೆ.

ನಾದಿನಿ ನಕ್ಕರೂ ವಿಷಯ ಬಿಡಲಿಲ್ಲ. ಎರಡು ದಿನ ಬಿಟ್ಟು ಆಕಾಶ ಕವಿಯಿತು. ಹಿಂದಿನ ಕೋಣೆ ಕತ್ತಲಾಗಿ, ಸೂಜಿಯಕ್ಕ ಮೋಡದ ದಿನಗಳಲ್ಲಿ ಮಾಡುವಂತೆ ತನ್ನ ಸ್ಟೂಲನ್ನು ಅಂಗಡಿಯ ದೊಡ್ಡ ಕಿಟಕಿಯ ಬಳಿಗೆ ಎಳೆದುಕೊಂಡು ಬಂದಳು. ನಾದಿನಿ ಅವಳನ್ನೇ ನೋಡುತ್ತ ನಿಂತಳು.

ಆ ಬೆಳಿಗ್ಗೆ ಒಬ್ಬ ಹುಡುಗಿ ಒಂಟಿಯಾಗಿ ಬಂದಳು. ಅತ್ತಿಗೆ ಅಂಗಡಿಯ ಅತಿ ದುಬಾರಿ ಗೌನು ತೊಡಿಸಿ, ಹೊಗಳಿ ಹೊಗಳಿ ಅಟ್ಟಕ್ಕೇರಿಸಿದಳು. ಹುಡುಗಿ ಕನ್ನಡಿಯ ಮುಂದೆ ಕಂಬದಂತೆ ನಿಂತಿದ್ದಳು. ಸೂಜಿಯಕ್ಕ ಬಾಯಿಯ ಸೂಜಿ ತೆಗೆದು, ನಿಂತು ನೋಡಿದ್ದು ಸಾಕು, ಒಮ್ಮೆ ಕೂತು ನೋಡು ಎಂದಳು. ಆಮೇಲೆ ನಡೆಸಿದಳು, ಕೈ ಎತ್ತಿಸಿದಳು.

“ಮದುವೆ ದಿನ ಮೊದಲು ಯಾರನ್ನ ತಬ್ಕೋತೀಯಮ್ಮ?”

ಹುಡುಗಿ ಕನ್ನಡಿಯಿಂದ ಅವಳತ್ತ ತಿರುಗಿದಳು. “ಅಪ್ಪನ್ನ. ಅವರು ಗಾಲಿಕುರ್ಚೀಲಿರ್ತಾರೆ. ನಾನೇ ಬಗ್ಗಬೇಕು.”

“ಬಗ್ಗು ನೋಡೋಣ.”

ಬಗ್ಗಲು ಹೋದರೆ ಗೌನಿನ ಬಿಗಿದ ಸೊಂಟ ಬಿಡಲಿಲ್ಲ. ಇದು ನಿನಗೆ ಬೇಡ ಎಂದುಬಿಟ್ಟಳು ಸೂಜಿಯಕ್ಕ. ಅತ್ತಿಗೆಯ ಮುಖ ಸಣ್ಣದಾಯಿತು. ಆದರೆ ನಾದಿನಿ ಮೂಲೆಯಿಂದ ಒಂದು ಸಾದಾ ಗೌನು ತಂದುಕೊಟ್ಟಳು. ಅದನ್ನು ತೊಟ್ಟು ಹುಡುಗಿ ಸೂಜಿಯಕ್ಕನ ಸ್ಟೂಲಿನ ಮುಂದೆ ಮಂಡಿಯೂರಿ, ಅವಳ ಭುಜಕ್ಕೆ ಕೈ ಹಾಕಿ ಒರಗಿದಳು. ಎದ್ದಾಗ ಕಣ್ಣು ಒದ್ದೆಯಾಗಿತ್ತು. ಮನೆಯಲ್ಲಿ ಕೇಳಬೇಕು ಎನ್ನಲಿಲ್ಲ. ಇದೇ ಇರಲಿ ಎಂದಳು.

ಅವಳು ಹೋದ ಮೇಲೆ ಅತ್ತಿಗೆ ಪುಸ್ತಕ ತೆಗೆದು ಮೋಡದ ದಿನದ ಪುಟಗಳನ್ನು ತಾನೇ ತಿರುವಿ ನೋಡಿದಳು. ನಂತರ ಸೂಜಿಯಕ್ಕನ ಹತ್ತಿರ ಹೋಗಿ, ಇನ್ನು ದಿನಾ ಇಲ್ಲೇ ಕೂರಬೇಕು ಎಂದು ಕೇಳಿಕೊಂಡಳು. ಸೂಜಿಯಕ್ಕ ಹಿಂದೇಟು ಹಾಕಿದಳು.

“ನನಗೆ ಹೊಗಳೋಕೆ ಬರಲ್ಲಮ್ಮ.”

“ಅದು ಬೇಡವೇ ಬೇಡ. ನಾನೇ ಅತಿ ಮಾಡ್ತಿದ್ದೆ. ನೀವು ಕೇಳೋದನ್ನ ನಮಗೂ ಕಲಿಸಿಕೊಡಿ.”

ಹೊಲಿಗೆಯ ಮೇಜು ಮುಂದಕ್ಕೆ ಬಂತು. ಕನ್ನಡಿಯ ಪಕ್ಕ ಒಂದು ಕುರ್ಚಿಯೂ ಬಂತು. ಬಂದ ಹುಡುಗಿಯರೆಲ್ಲ ಕೂರುತ್ತಿದ್ದರು, ನಡೆಯುತ್ತಿದ್ದರು, ಬಗ್ಗುತ್ತಿದ್ದರು. ಬಾಯಿಗೆ ಬೀಗ ಹಾಕಿಕೊಳ್ಳುವುದು ಅತ್ತಿಗೆಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೊದಲ ವಾರ ಎರಡು ಸಲ ಮಾತು ಜಾರಿತು; ನಾದಿನಿ ಕೆಮ್ಮಿ ಎಚ್ಚರಿಸಿದಳು. ಆರು ಗೌನು ಹೋಗುವ ವಾರ ಮತ್ತೆ ಬರಲಿಲ್ಲ, ನಿಜ. ಆದರೆ ಬಿಸಿಲಿರಲಿ ಮಳೆಯಿರಲಿ, ವಾರಕ್ಕೆ ಮೂರೋ ನಾಲ್ಕೋ ಹೋಗತೊಡಗಿದವು.

ಮಗಳ ಬಾಣಂತನಕ್ಕೆಂದು ಸೂಜಿಯಕ್ಕ ಹದಿನೈದು ದಿನ ರಜೆ ಹಾಕಿದಾಗ ಇಬ್ಬರೂ ಅಂಜುತ್ತಲೇ ಅವಳ ಪ್ರಶ್ನೆಗಳನ್ನು ತಾವೇ ಕೇಳತೊಡಗಿದರು. ಆ ಹದಿನೈದು ದಿನದಲ್ಲಿ ಏಳು ಗೌನು ಹೋದವು. ಅತ್ತಿಗೆ ಫೋನು ಮಾಡಿ ಹಿಗ್ಗಿನಿಂದ ಹೇಳಿದಳು. ಸೂಜಿಯಕ್ಕ ಒಳ್ಳೆಯದಾಯಿತು ಎಂದಳು, ಮಗು ಅಳುತ್ತಿದೆ, ಆಮೇಲೆ ಮಾತಾಡೋಣ ಎಂದು ಫೋನಿಟ್ಟಳು.