ಲೆಕ್ಕದಲ್ಲಿ ಸತ್ತ ಕೋಳಿಗಳು

ಕೋಳಿ ಸಾಕಣೆದಾರರ ಸಂಘದಲ್ಲಿ ಕೂತು ಮುಂದಿನ ತಿಂಗಳುಗಳ ಮೊಟ್ಟೆ ಬೆಲೆ ಅಂದಾಜು ಮಾಡುವುದು ಅವನ ಕೆಲಸ. ಒಂದು ಸಲವೂ ಅವನ ಮಾತು ಸುಳ್ಳಾಗಿರಲಿಲ್ಲ. ಜನ ಪ್ರೀತಿಗೋ ಕೀಟಲೆಗೋ ‘ಜ್ಯೋತಿಷಿ’ ಎಂದು ಕರೆಯುತ್ತಿದ್ದರು. ಹಾಗೆಂದಾಗ ಮೇಲ್ನೋಟಕ್ಕೆ ಸಿಡುಕಿದರೂ ಒಳಗೊಳಗೇ ಹಿಗ್ಗುವ ಆಸಾಮಿ ಅವನು.

ಈ ಸಲ ಸಂಘದ ವರದಿಯಲ್ಲಿ ಬೆಲೆ ಏರುತ್ತದೆಂದು ಬರೆದಿದ್ದ. ಹ್ಯಾಚರಿಗಳಲ್ಲಿ ಮರಿಗಳ ಮಾರಾಟ ಇಳಿದಿತ್ತು, ವಯಸ್ಸಾದ ಕೋಳಿಗಳು ಮಾಂಸಕ್ಕೆ ಹೋಗುವ ಕಾಲವೂ ಬಂದಿತ್ತು. ಕೋಳಿ ಕಮ್ಮಿಯಾದರೆ ಮೊಟ್ಟೆ ತುಟ್ಟಿಯಾಗದೆ ಇನ್ನೇನು? ಅದನ್ನು ಓದಿ ಅವನ ಅಕ್ಕ ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು ಎರಡನೆಯ ಶೆಡ್ಡು ಕಟ್ಟಿಸಲು ಹೊರಟಿದ್ದಳು. ಆ ಸಂಜೆ ಮೇಸ್ತ್ರಿ ಮುಂಗಡಕ್ಕೆ ಬರುವವನಿದ್ದ.

ಜಾಗ ನೋಡಲೆಂದು ಸ್ವಲ್ಪ ಮೊದಲೇ ಬಂದ ತಮ್ಮ ಹಳೆಯ ಶೆಡ್ಡಿನೊಳಗೆ ಕಾಲಿಟ್ಟು ನಿಂತುಬಿಟ್ಟ. ಕತ್ತಿನ ಪುಕ್ಕ ಸವೆದು, ಜುಟ್ಟು ಬಿಳಿಚಿಕೊಂಡ ಕೋಳಿಗಳು ಸಾಲುಸಾಲಾಗಿ ಕಾಳು ಕುಕ್ಕುತ್ತಿದ್ದವು.

“ಅಕ್ಕಾ, ಇವು ಇನ್ನೂ ಇಲ್ಲೇ ಇದಾವಲ್ಲ?”

“ಬೆಲೆ ಏರುತ್ತೆ ಅಂತ ಬರೆದೋನು ನೀನೇ ತಾನೆ? ಮುದಿಯಾದ್ರೂ ದಿನ ಬಿಟ್ಟು ದಿನ ಮೊಟ್ಟೆ ಇಡ್ತಾವೆ. ಇಂಥ ಟೈಮಲ್ಲಿ ಯಾರು ಮಾರ್ತಾರೋ? ಪಕ್ಕದ ಶೆಡ್ಡೋರು ಮಾರಿಲ್ಲ, ಯಾರೂ ಮಾರಿಲ್ಲ.”

ಅವನ ಲೆಕ್ಕದಲ್ಲಿ ಈ ಕೋಳಿಗಳು ಆಗಲೇ ಸತ್ತಾಗಿತ್ತು. ಅವನು ಬರೆದದ್ದನ್ನು ಜನ ಓದಿದ್ದಕ್ಕೇ ಅವು ಬದುಕಿದ್ದವು. ಎಲ್ಲ ಶೆಡ್ಡುಗಳಲ್ಲೂ ಹೀಗೇ ಇದ್ದರೆ ಮೊಟ್ಟೆ ರಾಶಿ ಬಿದ್ದು ಬೆಲೆ ನೆಲ ಕಚ್ಚುವುದು ಖಂಡಿತ.

ಬಾಯಿ ಮುಚ್ಚಿಕೊಂಡಿರೋಣ ಎಂದೂ ಅನ್ನಿಸಿತು. ನಾಳೆ ಬೆಲೆ ಬಿದ್ದಾಗ ತಪ್ಪನ್ನು ಬಿಸಿಲಿನ ಮೇಲೋ ರೋಗದ ಮೇಲೋ ಹಾಕಿದರಾಯಿತು, ಯಾರು ಕೇಳುತ್ತಾರೆ? ಅಷ್ಟರಲ್ಲಿ ಹೊರಗೆ ಮೇಸ್ತ್ರಿಯ ಬೈಕು ಬಂದು ನಿಂತಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೊರಟಳು.

“ಬೇಡ ಅಕ್ಕಾ. ನಾನು ಬರೆದಿದ್ದು ತಪ್ಪು,” ಎಂದು ಎಲ್ಲವನ್ನೂ ಹೇಳಿಬಿಟ್ಟ.

ಮೇಸ್ತ್ರಿಗೆ ಟೀ ಕೊಟ್ಟು ಸಾಗಹಾಕಿ ಬಂದ ಅಕ್ಕ ಕೇಳಿದಳು, “ನನಗೇನೋ ಹೇಳ್ದೆ. ಉಳಿದೋರಿಗೆ?”

“ಬೀಳುತ್ತೆ ಅಂದ್ರೆ ಎಲ್ಲರೂ ಮುದಿ ಕೋಳಿ ಮಾರ್ತಾರೆ. ಆಗ ಬೆಲೆ ಬೀಳೋದೇ ಇಲ್ಲ. ಆ ಮಾತೂ ಸುಳ್ಳಾಗುತ್ತೆ. ಮುಖ ಎಲ್ಲಿಡ್ಲಿ?”

“ಕತ್ತಿನ ಮೇಲೇ ಇಡು, ಅಲ್ಲೇ ಚೆನ್ನಾಗಿದೆ. ಮೊದಲು ಹೋಗಿ ಹೇಳು.”

ಮರುದಿನ ಸಂಘದ ಸಭೆಯಲ್ಲಿ ಎದ್ದು ನಿಂತು, ತನ್ನ ಲೆಕ್ಕ ತಪ್ಪಿತ್ತು, ಬೆಲೆ ಬೀಳುತ್ತದೆ ಎಂದು ಹೇಳಿದ. ಕೆಲವರು ನಕ್ಕರು, ಕೆಲವರು ಬೈದರು. ಆದರೆ ಅಕ್ಕನ ಕೋಳಿಗಳು ಲಾರಿ ಹತ್ತಿದ್ದನ್ನು ಕಂಡ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮಾರಿದರು.

ತಿಂಗಳುಗಳು ಕಳೆದವು. ಬೆಲೆ ಏರಲೂ ಇಲ್ಲ, ಬೀಳಲೂ ಇಲ್ಲ. ಈಗ ‘ಜ್ಯೋತಿಷಿ’ ಎಂದು ಕರೆದಾಗ ಜನ ಕಿಸಕ್ಕನೆ ನಗುತ್ತಿದ್ದರು. ಅವನಿಗೆ ನೋವಾಗುತ್ತಿತ್ತು.

ಒಂದು ಬೆಳಿಗ್ಗೆ ಟೀ ಅಂಗಡಿಯಲ್ಲಿ ಪಕ್ಕದ ಶೆಡ್ಡಿನವನು ಅವನ ಬೆನ್ನು ತಟ್ಟಿದ. “ಏನಪ್ಪಾ, ಬೀಳುತ್ತೆ ಅಂತ ಹೆದರಿಸಿದ್ಯಲ್ಲ, ನಿನ್ನ ಮಾತು ಕಟ್ಟಿಕೊಂಡ್ರೆ ದೇವರೇ ಗತಿ! ಪುಣ್ಯಕ್ಕೆ ಬೆಲೆ ಬೀಳಲಿಲ್ಲ, ಎಲ್ಲರೂ ಉಳಕೊಂಡ್ವಿ.”

ಜೊತೆಗೆ ಟೀ ಕುಡಿಯುತ್ತಿದ್ದ ಅಕ್ಕ ಲೋಟ ಕುಕ್ಕಿ ಬಾಯಿ ತೆರೆದಳು. ಅವನು ಮೆಲ್ಲಗೆ ಅವಳ ಕೈ ಹಿಡಿದು ತಡೆದ.

“ಹೌದಣ್ಣ,” ಎಂದ. “ಪುಣ್ಯಕ್ಕೆ ಬೀಳಲಿಲ್ಲ.”